ಮುಕ್ಕಾಲಪ್ಪನ ನೀಲಿ ಟ್ಯಾಂಕು

ಆ ಮನೆಯ ಬಚ್ಚಲಿನ ಮೂರು ಗೋಡೆಗೆ ಟೈಲ್ಸ್ ಇದೆ, ನಾಲ್ಕನೆಯದಕ್ಕೆ ಇಲ್ಲ. ಹದಿಮೂರು ವರ್ಷದಿಂದ ಇಲ್ಲ. ಬಂದ ನೆಂಟರು ಕೈ ತೊಳೆದುಕೊಂಡು ಹೊರಗೆ ಬಂದು, "ಓ, ಕೆಲಸ ನಡೀತಾ ಇದೆಯಾ?" ಎಂದು ಕೇಳುತ್ತಾರೆ. "ಹೂಂ, ಮುಗೀತಾ ಬಂತು," ಎನ್ನುತ್ತಾನೆ ಮನೆಯ ಯಜಮಾನ, ನಿನ್ನೆ ತಾನೇ ಸಿಮೆಂಟು ಕಲಸಿದವನ ಧಾಟಿಯಲ್ಲಿ. ನಡುಮನೆಯ ಗಡಿಯಾರವನ್ನು ಅವನೇ ಬಿಚ್ಚಿ ರಿಪೇರಿ ಮಾಡಿದ್ದು. ಒಂದು ಸೆಕೆಂಡು ಹಿಂದೆ ಮುಂದೆ ಆಗುವುದಿಲ್ಲ, ಆದರೆ ಗಂಟೆಯ ಮುಳ್ಳು ಇಲ್ಲ. ಅದನ್ನು ಕೊನೆಗೆ ಹಾಕೋಣವೆಂದು ಎಲ್ಲೋ ಜೋಪಾನವಾಗಿ ಎತ್ತಿಟ್ಟಿದ್ದಾನೆ. ಎಲ್ಲಿ ಎಂಬುದನ್ನು ಅಷ್ಟೇ ಜೋಪಾನವಾಗಿ ಮರೆತಿದ್ದಾನೆ. ಹಾಗಾಗಿ ಆ ಮನೆಯವರಿಗೆ ನಿಮಿಷ ಕರಾರುವಾಕ್ಕಾಗಿ ಗೊತ್ತು, ಗಂಟೆಯನ್ನು ಮಾತ್ರ ಕಿಟಕಿಯ ಬಿಸಿಲು ನೋಡಿ ಊಹಿಸಬೇಕು. ಬಟ್ಟೆಯ ಕಪಾಟಿಗೆ ಅವನೇ ಕೂಡಿಸಿದ ಸೊಗಸಾದ ಬಾಗಿಲಿದೆ, ಹಿಡಿ ಇಲ್ಲ. ಸಂದಿಗೆ ಚಮಚ ತೂರಿಸಿ ತೆಗೆಯಬೇಕು. ಆ ಚಮಚ ಕಳೆಯಬಾರದೆಂದು ಅದಕ್ಕೊಂದು ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದಾನೆ.

ಇಂಥವನಿಗೆ 'ಮುಕ್ಕಾಲಪ್ಪ' ಎಂದು ಹೆಸರಿಟ್ಟವನು ಅವನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ. ಆತ ಇನ್ಶೂರೆನ್ಸ್ ಏಜೆಂಟು. ಕಂಡವರ ಮನೆಗೆಲ್ಲ ಹೋಗಿ, ಕೂತು, ಟೀ ಕುಡಿದು, ನಾಳೆ ನಿಮಗೆ ಏನೇನು ಅನಾಹುತ ಆಗಬಹುದು ಎಂದು ಸಮಾಧಾನವಾಗಿ ವಿವರಿಸುವುದೇ ಅವನ ಹೊಟ್ಟೆಪಾಡು. ಅಕ್ಕನ ಮನೆಯಲ್ಲಿ ಮಾತ್ರ ಆ ಶ್ರಮ ಬೇಕಿಲ್ಲ, ಅನಾಹುತ ಎದುರಿಗೇ ಕುರ್ಚಿಯಲ್ಲಿ ಕೂತಿರುತ್ತದೆ ಎನ್ನುತ್ತಾನೆ. ಅವನಿಟ್ಟ ಹೆಸರು ಮನೆಯಿಂದ ಬೀದಿಗೆ ಹೋಯಿತು, ಬೀದಿಯಿಂದ ಪ್ರೆಸ್ಸಿಗೂ ಹೋಯಿತು. ಈಗ ನಿಜವಾದ ಹೆಸರು ಹಿಡಿದು ಕರೆದರೆ ಮುಕ್ಕಾಲಪ್ಪನೇ ಹಿಂದೆ ತಿರುಗಿ, ಯಾರನ್ನು ಕರೆದರೆಂದು ನೋಡುತ್ತಾನೆ.

ಪ್ರೆಸ್ಸೆಂದರೆ ಅವನು ಕೆಲಸ ಮಾಡುವ ಛಾಪಾಖಾನೆ. ಇಪ್ಪತ್ತಾರು ವರ್ಷದಿಂದ ಬೈಂಡಿಂಗ್ ವಿಭಾಗದಲ್ಲಿದ್ದಾನೆ. ಅಚ್ಚಾದ ಹಾಳೆ ಮಡಿಸುವುದು, ಪುಟ ಹೊಂದಿಸುವುದು, ಸೂಜಿ ದಾರದಲ್ಲಿ ಹೊಲಿಯುವುದು ಅವನ ಮೇಜಿನ ಕೆಲಸ. ರಟ್ಟು ಅಂಟಿಸಿ ಪುಸ್ತಕ ಮಾಡುವುದು ಪಕ್ಕದ ಮೇಜಿನದು. ಇಷ್ಟು ವರ್ಷದಲ್ಲಿ ಅವನು ಒಂದೇ ಒಂದು ಪುಸ್ತಕಕ್ಕೂ ರಟ್ಟು ಹಾಕಿದವನಲ್ಲ. ಮನುಷ್ಯ ದಿನಕ್ಕೆ ಎಂಟು ಗಂಟೆ ಹೊತ್ತು ಮುಕ್ಕಾಲು ಪುಸ್ತಕ ಮಾಡಿ ಪಕ್ಕಕ್ಕೆ ತಳ್ಳಿದರೆ, ಮನೆಗೆ ಬಂದು ಪೂರ್ತಿ ಗೋಡೆ ಕಟ್ಟುತ್ತಾನೆಯೇ? ಇದು ಅವನ ವಾದ. ಆದರೆ ಅವನ ಬೆರಳಿನ ಬಗ್ಗೆ ಮಾತ್ರ ಯಾರೂ ಹಗುರವಾಗಿ ಮಾತಾಡುವುದಿಲ್ಲ. ಕಣ್ಣು ಮುಚ್ಚಿ ಕಾಗದ ಸವರಿ, ಇದು ಇಂಥ ಗಿರಣಿಯದು, ಇದಕ್ಕೆ ಮಳೆಗಾಲದ ತೇವ ಹಿಡಿದಿದೆ ಎಂದು ಹೇಳುತ್ತಾನೆ. ಐನೂರು ಹಾಳೆಯ ಕಟ್ಟಿನಲ್ಲಿ ಒಂದೇ ಒಂದು ಮಡಿಕೆ ತಪ್ಪಿದ್ದರೂ ಅವನ ಬೆರಳಿಗೆ ಅದು ಮುಳ್ಳಿನಂತೆ ಚುಚ್ಚುತ್ತದೆ.

ಮದುವೆಯೂ ಹೀಗೇ ಆದದ್ದು. ಬಸ್ ನಿಲ್ದಾಣದಲ್ಲಿ ಆಕೆಯ ಪಕ್ಕ ನಿಂತು ಧೈರ್ಯ ತಂದುಕೊಂಡು, "ನಾವಿಬ್ಬರೂ ಸೇರಿ ಒಂದು..." ಎನ್ನುವಷ್ಟರಲ್ಲಿ ಬಸ್ಸು ಬಂತು. ಅವನು ಬಾಯಿ ಮುಚ್ಚಿಕೊಂಡ. ಆಕೆ ಬಸ್ಸು ಬಿಟ್ಟು ನಿಂತು, "ಒಂದು ಮನೆ ಮಾಡೋಣ ಅಂತಲೇ ತಾನೇ?" ಎಂದು ಕೇಳಿದಳು. ಅವತ್ತು ಕಾಲು ಭಾಗ ತುಂಬಿದವಳು ಇವತ್ತಿನವರೆಗೂ ತುಂಬುತ್ತಲೇ ಇದ್ದಾಳೆ.

ಇವರ ಒಬ್ಬಳೇ ಮಗಳು ಲ್ಯಾಬ್ ಟೆಕ್ನಿಷಿಯನ್ ಓದಿದವಳು. ಬಾಯಿ ಜೋರು, ಕೈ ಮೆತ್ತಗೆ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಅವಳ ಕಾಲೇಜಿನ ಎಲ್ಲರೂ ಹೇಳುತ್ತಿದ್ದರು. ಅದರಿಂದೇನು ಬಂತು? ಈಗ ಎಲ್ಲ ಲ್ಯಾಬಿನವರಿಗೂ ಬೇಕಾಗಿರುವುದು ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವವರು. ಅದಕ್ಕೆ ಸ್ವಂತ ಗಾಡಿ ಬೇಕು. ಗಾಡಿ ಇಲ್ಲವೆಂದು ಎರಡು ಕಡೆ ಕೆಲಸ ಕೈತಪ್ಪಿತ್ತು. ಮೂರನೇ ಕಡೆ ಅವಳು, "ಇದೆ ಮೇಡಂ, ನಮ್ಮಪ್ಪನ ಮೋಟಾರ್ ಸೈಕಲ್ ಇದೆ," ಎಂದು ಫೋನಿನಲ್ಲಿ ಅದರ ಫೋಟೋ ತೋರಿಸಿದಳು.

ಲ್ಯಾಬಿನ ಮೇಡಂ ಫೋಟೋವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ಇದನ್ನ ಯಾರ ಮನೆ ಗೇಟ್ ಮುಂದಾದ್ರೂ ನಿಲ್ಸಿದ್ರೆ, ರಕ್ತ ಕೊಡೋಕೆ ಮುಂಚೆ ಧನುರ್ವಾತದ ಇಂಜೆಕ್ಷನ್ ಕೇಳ್ತಾರಮ್ಮ," ಎಂದರು.

"ಇಂಜಿನ್ ಚೆನ್ನಾಗಿದೆ ಮೇಡಂ."

"ಇಂಜಿನ್ ಯಾರು ನೋಡ್ತಾರೆ? ಟ್ಯಾಂಕ್ ಮೇಲೆ ನಮ್ಮ ಸ್ಟಿಕ್ಕರ್ ಬರ್ಬೇಕು. ತುಕ್ಕಿನ ಮೇಲೆ ಸ್ಟಿಕ್ಕರ್ ನಿಲ್ಲಲ್ಲ. ಒಂದನೇ ತಾರೀಖು ಸೋಮವಾರ. ಬೆಳಗ್ಗೆ ಆರರಿಂದ ಒಂಬತ್ತರೊಳಗೆ ಎಂಟು ಮನೆ, ಎಲ್ಲರೂ ಖಾಲಿ ಹೊಟ್ಟೇಲಿ ಕಾಯ್ತಿರ್ತಾರೆ. ಗಾಡಿ ಸರಿ ಮಾಡ್ಕೊಂಡು ಬಂದ್ರೆ ಕೆಲಸ ನಿಂದು. ಇಲ್ಲಾಂದ್ರೆ ಹೊಸ ಸ್ಕೂಟರ್ ಇಟ್ಕೊಂಡು ಇನ್ನೊಬ್ಬಳು ಕಾಯ್ತಿದ್ದಾಳೆ."

ಮಗಳು ಅಲ್ಲಿಂದ ನೇರ ಪೇಂಟರ್ ಅಂಗಡಿಗೆ ಹೋದಳು. ಆತ ಸಾಲಾಗಿ ನಿಂತಿದ್ದ ಗಾಡಿಗಳ ಕಡೆ ಕೈ ತೋರಿಸಿ, "ಒಂದು ತಿಂಗಳು ಇತ್ಲಾಗೆ ತಿರುಗಿ ನೋಡ್ಬೇಡಿ," ಎಂದ. ಅವಳು ಮನೆಗೆ ಬಂದು ಚಪ್ಪಲಿ ಎಸೆದು ಕೂತಳು. ವಿಷಯ ಕೇಳಿದ ಮುಕ್ಕಾಲಪ್ಪ, "ಪೇಂಟರ್ ಯಾಕೆ? ನಾನಿದ್ದೀನಲ್ಲ," ಎಂದ.

ಹೆಂಡತಿ ಬಚ್ಚಲಿನ ಬಾಗಿಲ ಕಡೆ ಒಂದು ಸಲ ನೋಡಿದಳು.

ಮಗಳು ಅಪ್ಪನ ಮುಖವನ್ನೇ ದಿಟ್ಟಿಸಿದಳು. "ಅಪ್ಪ, ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮೇಲೆ ನಂಗೆ ನಂಬಿಕೆ ಇಲ್ಲ. ಆದ್ರೆ ಬೇರೆ ದಾರೀನೂ ಇಲ್ಲ. ಇಪ್ಪತ್ತು ದಿನ ಇದೆ. ಮುಗಿಸ್ತೀಯಾ?"

"ಮುಗಿಸ್ತೀನಿ ಕಣೇ."

"ಮುಗೀತಾ ಬಂತು ಅಂತ ಹೇಳೋ ಹಾಗಿಲ್ಲ."

"ಹೇಳಲ್ಲ."

ಆ 'ನಂಬಿಕೆ ಇಲ್ಲ' ಎಂಬ ಮಾತು ಅವನಿಗೆ ನಾಟಿತು. ಭಾವಮೈದುನ ಸಾವಿರ ಆಡಲಿ, ಅವನ ಬಾಯಿಗೆ ಬೇರೆ ಕೆಲಸವಿಲ್ಲ. ಹೆಂಡತಿ ಆಡಲಿ, ಅವಳಿಗೆ ಹಕ್ಕಿದೆ. ಆದರೆ ಮಗಳು ಇಷ್ಟು ತಣ್ಣಗೆ, ಕೋಪವೂ ಇಲ್ಲದೆ, ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿಬಿಟ್ಟಳಲ್ಲ! ಅವಳು ಕೆಲಸ ಕಳೆದುಕೊಂಡರೆ ಅದಕ್ಕೆ ಕಾರಣ ತಾನು ಎಂದಾಗುತ್ತದೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಅವಳ ಎದುರು ಕೂತು ಊಟ ಮಾಡುವುದು?

ಮರುದಿನವೇ ಅಂಗಳಕ್ಕೆ ಗಾಡಿ ತಂದ. ಸೀಟು ತೆಗೆದ, ಪೆಟ್ರೋಲ್ ಪೈಪು ಬಿಚ್ಚಿದ, ಟ್ಯಾಂಕಿನ ಹಿಂದಿನ ಬೋಲ್ಟು ಬಿಚ್ಚಿ ಹಿಂದಕ್ಕೆಳೆದು ಎತ್ತಿದ. ಉಳಿದಿದ್ದ ಪೆಟ್ರೋಲನ್ನು ಡಬ್ಬಿಗೆ ಇಳಿಸಿ ಮನೆಯಿಂದ ದೂರ ಇಟ್ಟ. ಟ್ಯಾಂಕನ್ನು ಸೋಪಿನ ನೀರಲ್ಲಿ ನಾಲ್ಕು ಸಲ ತೊಳೆದರೂ ವಾಸನೆ ಹೋಗಲಿಲ್ಲ. ವಾಸನೆ ಹೋಗುವವರೆಗೂ ಅಂಗಳದ ಹತ್ತಿರ ಬೆಂಕಿ ಕಡ್ಡಿ ಗೀರಬಾರದು, ಅಡುಗೆಮನೆಯ ಕಿಟಕಿ ತೆರೆಯಬಾರದು ಎಂದು ಅಪ್ಪಣೆ ಮಾಡಿದ.

"ಕಿಟಕಿ ಮುಚ್ಕೊಂಡು ಒಲೆ ಹಚ್ಚಿದ್ರೆ ನಾನು ಬೆಂದುಹೋಗ್ತೀನಲ್ರೀ!" ಎಂದಳು ಹೆಂಡತಿ.

"ಹಾಗಾದ್ರೆ ಹಚ್ಚಬೇಡ."

"ಆಗ್ಲಿ. ಮಧ್ಯಾಹ್ನ ಟ್ಯಾಂಕನ್ನೇ ತಟ್ಟೆಗೆ ಹಾಕ್ತೀನಿ, ನಂಚ್ಕೊಂಡು ತಿನ್ನಿ."

ಒಳಗಿನ ತುಕ್ಕು ಬಿಡಿಸಲು ನಲವತ್ತು ಸಣ್ಣ ಗುಂಡುಕಲ್ಲು ಹಾಕಿ, ಸೋಪಿನ ನೀರು ಬಿಟ್ಟು, ಟ್ಯಾಂಕನ್ನು ಮಗುವಿನಂತೆ ಎತ್ತಿಕೊಂಡು ಕುಲುಕತೊಡಗಿದ. ಆ ಸದ್ದಿಗೆ ಎದುರು ಮನೆಯವರು ಕಿಟಕಿ ಹಾಕಿಕೊಂಡರು, ಪಕ್ಕದ ಮನೆಯ ನಾಯಿ ಜಾಗ ಬದಲಿಸಿತು. ಕೊನೆಗೆ ಕಲ್ಲು ಹೊರಕ್ಕೆ ಸುರಿದು ಎಣಿಸಿದರೆ ಮೂವತ್ತೊಂಬತ್ತು ಇತ್ತು. ಹಳೆಯ ಮುಕ್ಕಾಲಪ್ಪನಾಗಿದ್ದರೆ, ಒಂದು ಕಲ್ಲು ಒಳಗಿದ್ದರೆ ಪ್ರಪಂಚವೇನು ಮುಳುಗುವುದಿಲ್ಲ ಎಂದು ಎದ್ದುಬಿಡುತ್ತಿದ್ದ. ಈ ಸಲ ಏಳಲಿಲ್ಲ. ಟ್ಯಾಂಕನ್ನು ತಲೆಕೆಳಗು ಮಾಡಿದ, ಪಕ್ಕಕ್ಕೆ ಹಿಡಿದ, ಬಾಯಿ ಅಂಚಿನಾಚೆ ಬರುವಂತೆ ಮಂಚದ ಮೇಲಿಟ್ಟು, ಕೆಳಗೆ ತಾನು ಮಲಗಿ ಅದರ ಬಾಯಿಗೆ ಕಣ್ಣಿಟ್ಟು ನೋಡಿದ. ಸಂಜೆ ಹೊತ್ತಿಗೆ ಆ ನಲವತ್ತನೇ ಕಲ್ಲು 'ಟಣ್' ಎಂದು ಅವನ ಹಣೆಯ ಮೇಲೇ ಬಿತ್ತು. ಅವನು ಹಣೆ ಉಜ್ಜಿಕೊಳ್ಳುತ್ತ ಕುಣಿದಾಡಿದ್ದನ್ನು ನೋಡಿ ಮಗಳಿಗೆ ಸಣ್ಣ ಅನುಮಾನ ಬಂತು, ಅಪ್ಪ ಈ ಸಲ ಮುಗಿಸಿಯೇ ಬಿಡುತ್ತಾನೋ ಏನೋ ಎಂದು.

ಆಮೇಲೆ ಉಜ್ಜುವ ಪರ್ವ. ಬೆಳಗ್ಗೆ ಪ್ರೆಸ್ಸಿಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಬೆಳಕಿರುವವರೆಗೆ. ಮೊದಲು ಒರಟು ಎಮರಿ ಕಾಗದ, ಆಮೇಲೆ ಅದಕ್ಕಿಂತ ನಯದ್ದು, ಆಮೇಲೆ ನೀರಲ್ಲಿ ಅದ್ದಿ ಉಜ್ಜುವಂಥದ್ದು. ಹಳೆಯ ಕೆಂಪು ಬಣ್ಣ ಪುಡಿಯಾಗಿ ಅವನ ತಲೆ, ಮೀಸೆ, ಟೀ ಲೋಟ ಎಲ್ಲದರ ಮೇಲೂ ಕೂತಿತು. ಬಲಗಡೆ ಎರಡು ಕಡೆ ತಗ್ಗು ಬಿದ್ದಿತ್ತು. ಅದಕ್ಕೆ ಪುಟ್ಟಿ ಮೆತ್ತಿ ಒಣಗಿಸಿ ಉಜ್ಜಿದ. ಕಣ್ಣಿಗೆ ಸಮವಾಗಿ ಕಂಡಿತು, ಬೆರಳು ಒಪ್ಪಲಿಲ್ಲ. ಕಣ್ಣು ಮುಚ್ಚಿ ಬೆರಳ ಹಿಂಬದಿಯಿಂದ ಸವರಿ, "ಇಲ್ಲಿ ಇನ್ನೊಂದು ಹಾಳೆಯಷ್ಟು ತಗ್ಗಿದೆ," ಎನ್ನುತ್ತಿದ್ದ. ಮತ್ತೆ ಪುಟ್ಟಿ, ಮತ್ತೆ ಉಜ್ಜು. ಐದು ಸಲ ಹೀಗಾಯಿತು. ಬೀದಿ ಕೊನೆಯ ಮೆಕ್ಯಾನಿಕ್ ಇಂಜಿನ್ನಿನ ಪ್ಲಗ್ಗು ನೋಡಲು ಬಂದವನು ಟ್ಯಾಂಕು ಸವರಿ, "ಅಣ್ಣ, ಇದು ಟ್ಯಾಂಕಾ, ಕನ್ನಡೀನಾ?" ಎಂದು ಕೇಳಿಹೋದ.

ತಳಬಣ್ಣದ ಪ್ರೈಮರ್ ಹೊಡೆಯುವ ದಿನ ಹೊಸ ತೊಂದರೆ ಕಾಣಿಸಿತು. ಅಂಗಳದಲ್ಲಿ ಧೂಳು, ಮೇಲಿಂದ ಎಲೆ, ಸುತ್ತಲೂ ನೊಣ. ಹಸಿ ಬಣ್ಣದ ಮೇಲೆ ಒಂದು ಸೊಳ್ಳೆ ಕೂತರೂ ಅದಕ್ಕೆ ಅಲ್ಲೇ ಸಮಾಧಿ, ನಮಗೆ ಮತ್ತೆ ಉಜ್ಜುವ ಶಿಕ್ಷೆ. ಮುಕ್ಕಾಲಪ್ಪ ಒಳಗೆ ಹೋಗಿ ಮಲಗುವ ಕೋಣೆಯ ಸೊಳ್ಳೆ ಪರದೆಯನ್ನು ಬಿಚ್ಚಿ ತಂದ. ಬಟ್ಟೆ ಒಣಗಿಸುವ ತಂತಿಗೆ ಅದನ್ನು ಕಟ್ಟಿ, ಒಳಗೆ ಟ್ಯಾಂಕನ್ನು ನೇತುಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತಾನೂ ಒಳಹೊಕ್ಕ. ಟ್ಯಾಂಕು ಹಾಯಾಗಿ ಪರದೆಯೊಳಗೆ ತೂಗಾಡಿತು. ಮನೆಯವರು ಒಂಬತ್ತು ದಿನ ಪರದೆಯಿಲ್ಲದೆ ಮಲಗಿ ಬೆಳಗ್ಗೆ ಕೆನ್ನೆ, ಕೈ, ಕಿವಿ ಕೆರೆದುಕೊಳ್ಳುತ್ತ ಎದ್ದರು.

"ಈ ಮನೇಲಿ ಹುಟ್ಟಿದ್ದಕ್ಕಿಂತ ಟ್ಯಾಂಕಾಗಿ ಹುಟ್ಟಿದ್ರೆ ಚೆನ್ನಾಗಿತ್ತು," ಎಂದಳು ಮಗಳು.

"ನಾನು ಮದುವೆಯಾಗಿದ್ದಕ್ಕಿಂತ ಅಂತ ಸೇರಿಸ್ಕೋ," ಎಂದಳು ತಾಯಿ.

ಬಣ್ಣ ಮಗಳು ಆರಿಸಿದ್ದು, ಕಡು ನೀಲಿ. ಸ್ಪ್ರೇ ಡಬ್ಬಿ ಕುಲುಕಿ ಕುಲುಕಿ, ಒಂದು ಗೇಣು ದೂರ ಹಿಡಿದು, ತೆಳ್ಳಗೆ ಒಂದು ಕೋಟು. ಹದಿನೈದು ನಿಮಿಷ ಬಿಟ್ಟು ಇನ್ನೊಂದು. ನಡುಮನೆಯ ಗಡಿಯಾರ ಮೊದಲ ಸಲ ಉಪಯೋಗಕ್ಕೆ ಬಂತು, ನಿಮಿಷವಷ್ಟೇ ಬೇಕಾಗಿತ್ತಲ್ಲ. ನೀಲಿ ಒಣಗಿದ ಮೇಲೆ ಹೊಳಪಿಗೆ ಲ್ಯಾಕರ್. ಅದು ಗಟ್ಟಿಯಾಗಲು ಐದು ದಿನ. ಆ ಐದು ದಿನ ಯಾರೂ ಅಂಗಳ ಗುಡಿಸುವ ಹಾಗಿಲ್ಲ, ಹೊದಿಕೆ ಕೊಡವುವ ಹಾಗಿಲ್ಲ, ಜೋರಾಗಿ ಸೀನುವ ಹಾಗೂ ಇಲ್ಲ. ಶುಕ್ರವಾರ ಪರದೆ ಬಿಚ್ಚಿದಾಗ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಅದರಲ್ಲಿ ಅವಳ ಮುಖ ಕಂಡಿತು. ಕೂದಲು ಸರಿ ಮಾಡಿಕೊಂಡು ಒಳಗೆ ಹೋದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಶನಿವಾರ ಬೆಳಗ್ಗೆ ಭಾವಮೈದುನ ಬಂದ. ಬರದೆ ಇರುತ್ತಾನೆಯೇ! ಇಷ್ಟು ದಿನದಿಂದ ಇದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಮಂಚದ ಮೇಲೆ ಕಂಬಳಿ ಹಾಸಿ ಇಟ್ಟಿದ್ದ ಟ್ಯಾಂಕಿನ ಸುತ್ತ ಎರಡು ಸುತ್ತು ಹಾಕಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಒಂದು ಕೂದಲೆಳೆಯಷ್ಟು ತಪ್ಪು ಸಿಗಲಿಲ್ಲ. ಅವನ ಮುಖ ಬಾಡಿತು. ಅಷ್ಟರಲ್ಲಿ ಬೋಲ್ಟುಗಳ ಡಬ್ಬಿಯಲ್ಲಿ ಬಿದ್ದಿದ್ದ ಟ್ಯಾಂಕಿನ ಮುಚ್ಚಳ ಕಣ್ಣಿಗೆ ಬಿತ್ತು. ಹಳೆಯದು, ಹೊಳಪು ಹೋದದ್ದು, ಅಂಚಿಗೆ ತುಕ್ಕು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಭಾವ, ಇದು?"

"ಮುಚ್ಚಳ."

"ಮುಚ್ಚಳ ಅಂತ ನಂಗೂ ಗೊತ್ತು. ಇದು ಹೀಗೇನಾ?"

"ಮುಚ್ಚಳಕ್ಕೆ ಯಾರಯ್ಯಾ ಬಣ್ಣ ಹೊಡೀತಾರೆ?"

"ಅಲ್ಲ, ಸುಮ್ನೆ ಕೇಳ್ದೆ. ಬೇಕಾದ್ರೆ ಬರೆದುಕೊಡ್ತೀನಿ, ಮುಕ್ಕಾಲು ಕೆಲಸ ಫಸ್ಟ್ ಕ್ಲಾಸ್," ಎಂದು ಮುಚ್ಚಳವನ್ನು ಡಬ್ಬಿಗೆ ಹಾಕಿ, ಟೀ ಕುಡಿದು, ಮೀಸೆ ತಿರುವುತ್ತ ಹೋದ.

ಮುಕ್ಕಾಲಪ್ಪ ಡಬ್ಬಿಗೆ ಕೈ ಹಾಕಿ ಮುಚ್ಚಳ ಎತ್ತಿಕೊಂಡ. ಹತ್ತೇ ನಿಮಿಷದಲ್ಲಿ ಮುಚ್ಚಳ ಎಮರಿ ಕಾಗದದ ಕೆಳಗಿತ್ತು. ತುಕ್ಕು ಹೋಯಿತು, ಹಳೆಯ ಲೇಪ ಹೋಯಿತು. ಕಣ್ಣು ಮುಚ್ಚಿ ಸವರಿದ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಬೆರಳು ನಿಂತಿತು. ಬಿಸಿಲಿಗೆ ಹಿಡಿದರೆ ಅಲ್ಲೊಂದು ತೂತು, ಸೂಜಿಯ ಮೊನೆ ಇಳಿಯುವಷ್ಟು. ತುಕ್ಕು ತಿಂದು ಬಿದ್ದ ತೂತೇ ಇರಬೇಕು. ಮಳೆ ಬಂದರೆ ನೀರು ಸೀದಾ ಒಳಗೆ! ಮಗಳು ದಾರಿ ಮಧ್ಯೆ ನಿಂತು ಒದ್ದಾಡಬೇಕಾಗುತ್ತಿತ್ತು. ಭಾವಮೈದುನ ಹಂಗಿಸಿದ್ದೇ ಒಳ್ಳೆಯದಾಯಿತು ಎಂದು ಜೀವನದಲ್ಲಿ ಮೊದಲ ಸಲ ಅವನನ್ನು ಮನಸ್ಸಿನಲ್ಲೇ ಹರಸಿದ. ತೂತಿನೊಳಕ್ಕೆ ಕಡ್ಡಿಯಿಂದ ಪುಟ್ಟಿ ತುಂಬಿದ, ಒಣಗಿಸಿದ, ಸಮ ಮಾಡಿದ. ಪ್ರೈಮರ್, ಮೂರು ಕೋಟು ನೀಲಿ, ಮೇಲೊಂದು ಲ್ಯಾಕರ್.

ಭಾನುವಾರ ಸಂಜೆ ಟ್ಯಾಂಕು ಗಾಡಿಯ ಮೇಲೆ ಕೂತಿತು, ಮುಚ್ಚಳ ಟ್ಯಾಂಕಿನ ಮೇಲೆ ಕೂತಿತು. ಡಬ್ಬಿಯಲ್ಲಿ ಒಂದು ಬೋಲ್ಟೂ ಮಿಕ್ಕಲಿಲ್ಲ. ಮಗಳು ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದಳು. ಒಳಗಿನಿಂದ ಹೆಂಡತಿ ಎಂದಿನಂತೆ ಕೇಳಿದಳು, "ಮುಗೀತಾ?"

"ಮುಗೀತು."

ಆಕೆ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಏನಂದ್ರಿ?"

"ಮುಗೀತು ಅಂದೆ."

ಆಕೆ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಸೋಮವಾರ ಐದೂವರೆಗೆ ಮಗಳು ಬೆನ್ನಿಗೆ ಸ್ಯಾಂಪಲ್ ಪೆಟ್ಟಿಗೆ ಏರಿಸಿಕೊಂಡು ಹೊರಟಳು. ಮುಕ್ಕಾಲಪ್ಪ ಗೇಟಿನಲ್ಲಿ ನಿಂತು, ಸದ್ದು ಮೂಲೆ ತಿರುಗಿ ಮರೆಯಾಗುವವರೆಗೂ ಕೇಳಿಸಿಕೊಂಡ. ಪ್ರೆಸ್ಸಿಗೆ ಹೋದರೂ ಕೈ ಕೆಲಸಕ್ಕೆ ಹತ್ತಲಿಲ್ಲ. ಒಂಬತ್ತಾಯಿತು, ಹತ್ತಾಯಿತು, ಫೋನಿಲ್ಲ. ತಾನೇ ಮಾಡೋಣವೆಂದರೆ ಯಾರದೋ ಕೈಗೆ ಸೂಜಿ ಚುಚ್ಚುತ್ತಿದ್ದರೆ? ಹನ್ನೊಂದಕ್ಕೆ ಮೇಸ್ತ್ರಿ ಬಂದು ಒಂದು ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ. "ಏನಯ್ಯಾ ಇದು? ಮೂವತ್ಮೂರನೇ ಪುಟ ತಲೆಕೆಳಗೆ ಹೊಲಿದಿದ್ದೀಯ! ಓದೋರು ಶೀರ್ಷಾಸನ ಹಾಕ್ಬೇಕಾ?" ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದು ಅದೇ ಮೊದಲು. ಮುಕ್ಕಾಲಪ್ಪ ಹೊಲಿಗೆ ಬಿಚ್ಚಿದ.

ಸಂಜೆ ಮನೆಗೆ ಬಂದರೆ ಭಾವಮೈದುನ ಆಗಲೇ ಕುರ್ಚಿ ಹಿಡಿದಿದ್ದ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಬೇರೆ, ಸಾಂತ್ವನ ಹೇಳಲು ಬಂದವರ ಹಾಗೆ. ಅಷ್ಟರಲ್ಲಿ ಗೇಟಿನ ಹತ್ತಿರ ಗಾಡಿಯ ಸದ್ದಾಯಿತು. ಮಗಳು ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದಳು. ಟ್ಯಾಂಕಿನ ಎರಡೂ ಬದಿಗೆ ಲ್ಯಾಬಿನ ಕೆಂಪು ಸ್ಟಿಕ್ಕರ್ ಬಿದ್ದಿತ್ತು.

"ಕೆಲಸ ಸಿಕ್ತು," ಎಂದಳು. ತಾಯಿ ಅವಳನ್ನು ಬಾಚಿ ತಬ್ಬಿಕೊಂಡಳು. ಮುಕ್ಕಾಲಪ್ಪ ಕಂಬ ಹಿಡಿದುಕೊಂಡು ಹಾಗೇ ಕೆಳಗೆ ಕೂತ.

"ಗಾಡಿ ಹೇಗೆ ಓಡ್ತು?" ಭಾವಮೈದುನ ಬಿಡಲಿಲ್ಲ.

"ಹೂವಿನ ಹಾಗೆ ಓಡ್ತು ಮಾವ."

"ಎಲ್ಲೂ ನಿಲ್ಲಲಿಲ್ವಾ?"

"ನಿಂತಿತು. ಎಂಟು ಮನೆ ಮುಂದೆ. ನಾನೇ ನಿಲ್ಸಿದ್ದು."

ಭಾವಮೈದುನನಿಗೆ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿತು. ನೀರು ಕುಡಿದು, "ಇರ್ಲಿ, ಮಳೆಗಾಲ ಬರ್ಲಿ ನೋಡೋಣ," ಎಂದು ಗೊಣಗುತ್ತ ಎದ್ದುಹೋದ.

ಮುಕ್ಕಾಲಪ್ಪ ಮೆತ್ತನೆ ಬಟ್ಟೆ ತೆಗೆದುಕೊಂಡು ಅಂಗಳಕ್ಕೆ ಬಂದ. ಮೈಯೆಲ್ಲ ಹಗುರಾಗಿತ್ತು. ಸಿಳ್ಳೆ ಹಾಕುತ್ತ ಟ್ಯಾಂಕು ಒರೆಸಿದ, ಸ್ಟಿಕ್ಕರಿನ ಮೂಲೆ ಒತ್ತಿದ, ಮುಚ್ಚಳ ಒರೆಸಿದ. ಬೆರಳು ಗಕ್ಕನೆ ನಿಂತಿತು. ಸಿಳ್ಳೆಯೂ ನಿಂತಿತು. ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಅದೇ ಜಾಗದಲ್ಲಿ, ತೂತು. ಅಯ್ಯೋ, ಪುಟ್ಟಿ ಉದುರಿತೇ! ಓಡಿಹೋಗಿ ಪುಟ್ಟಿ ಡಬ್ಬಿ ತಂದ. ಡಬ್ಬಿಯ ಬಾಯಿ ತೆರೆದು ಕಡ್ಡಿ ಅದ್ದುವಷ್ಟರಲ್ಲಿ ಹಿಂದಿನಿಂದ ಮಗಳ ದನಿ ಬಂತು.

"ಅಪ್ಪ, ಕೈ ತೆಗಿ. ಅದನ್ನ ಮುಟ್ಟಬೇಡ."

"ಇಲ್ಲೊಂದು ತೂತು ಬಿದ್ದಿದೆ ಕಣೇ. ಮೊನ್ನೆ ಮುಚ್ಚಿದ್ದೆ, ನನ್ನ ಕೈಯಾರೆ ಮುಚ್ಚಿದ್ದೆ..."

"ಗೊತ್ತು. ನಾನೇ ಚುಚ್ಚಿದ್ದು. ಕೂತ್ಕೋ."

ಅವನು ಮೆಟ್ಟಿಲ ಮೇಲೆ ಕೂತ. ಅವಳೂ ಪಕ್ಕದಲ್ಲಿ ಕೂತು, ಒಳಗಿರುವ ತಾಯಿಗೆ ಕೇಳದ ಹಾಗೆ ಹೇಳಿದಳು. ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಟಿದ್ದಾಳೆ. ಎರಡು ಕಿಲೋಮೀಟರಿಗೆ ಗಾಡಿ ಕೆಮ್ಮಿ ನಿಂತಿದೆ. ಪೆಟ್ರೋಲ್ ಇದೆಯಾ ಎಂದು ಮುಚ್ಚಳ ತೆರೆದರೆ 'ಉಸ್' ಎಂದು ಸದ್ದು. ಮುಚ್ಚಿ ಕಿಕ್ ಹೊಡೆದರೆ ಸ್ಟಾರ್ಟ್! ಇನ್ನೆರಡು ಕಿಲೋಮೀಟರ್, ಮತ್ತೆ ಹಾಗೇ. ಮೂರನೇ ಸಲ ನಿಂತದ್ದು ಒಬ್ಬ ರಿಟೈರ್ಡ್ ಮೇಷ್ಟ್ರ ಗೇಟಿನ ಎದುರಿಗೇ.

"ಅವರು ರಾತ್ರಿಯಿಂದ ಉಪವಾಸ, ನಾನು ಇಪ್ಪತ್ತು ನಿಮಿಷ ಲೇಟು. ಕೈ ಚಾಚೋಕೆ ಮುಂಚೆ ಹತ್ತು ನಿಮಿಷ ಬೈದ್ರು. ಬೈಸ್ಕೊಳ್ತಾನೇ ಸೂಜಿ ಹಾಕ್ದೆ, ಟ್ಯೂಬ್ ಸಿಕ್ಕಿಸ್ದೆ. ನಮ್ಮ ಟ್ಯೂಬಲ್ಲಿ ಗಾಳಿ ಇರಲ್ಲ ಅಪ್ಪ, ಗಾಳಿ ತೆಗೆದು ಮುಚ್ಚಿರ್ತಾರೆ. ಅದಕ್ಕೇ ರಕ್ತ ತಾನಾಗೇ ಒಳಗೆ ಎಳ್ಕೊಳ್ಳತ್ತೆ. ಅದನ್ನ ನೋಡ್ತಿದ್ದ ಹಾಗೇ ಹೊಳೀತು. ಟ್ಯಾಂಕಲ್ಲೂ ಇದೇ ಆಗ್ತಿರೋದು! ಪೆಟ್ರೋಲ್ ಕೆಳಗೆ ಇಳೀಬೇಕಾದ್ರೆ ಮೇಲಿಂದ ಗಾಳಿ ಒಳಗೆ ಹೋಗ್ಬೇಕಲ್ಲ? ಆ ತೂತು ಅದಕ್ಕೇ ಇರೋದು. ತುಕ್ಕಿನ ತೂತಲ್ಲ ಅದು, ಮಾಡಿದವರೇ ಬಿಟ್ಟಿರೋದು."

ಮುಕ್ಕಾಲಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಟ್ಟಿದಾಗಿನಿಂದ ಒಂದೇ ಒಂದು ಕೆಲಸ ಪೂರ್ತಿ ಮಾಡಿದ್ದು, ಅದೂ ಜಾಸ್ತಿ ಪೂರ್ತಿಯಾಗಿ ಮಗಳ ಕುತ್ತಿಗೆಗೆ ಬಂದಿತ್ತು. "ಆಮೇಲೆ?" ಎಂದ, ನೆಲ ನೋಡುತ್ತ.

"ಆಮೇಲೇನು, ಪೆಟ್ಟಿಗೆಯಿಂದ ಹೊಸ ಸೂಜಿ ತೆಗೆದು ಮುಚ್ಚಳಕ್ಕೆ ಚುಚ್ದೆ. ತಿರುಗಿಸಿ ತಿರುಗಿಸಿ ಒತ್ತಿದ್ಮೇಲೆ ಇಳೀತು. ಅಲ್ಲಿಂದ ಒಂದು ಸಲಾನೂ ನಿಲ್ಲಲಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಎಂಟನೇ ಮನೆ ಮುಗೀತು. ಲ್ಯಾಬಲ್ಲಿ ಮಾತ್ರ ಸಿಕ್ಕಿಬೀಳ್ತಿದ್ದೆ. ಮೇಡಂ ಲೆಕ್ಕ ಹಾಕಿ, ಎಂಟು ಜನಕ್ಕೆ ಒಂಬತ್ತು ಸೂಜಿ ಯಾಕೆ ಅಂದ್ರು."

"ನೀನೇನಂದೆ?"

"ಒಬ್ಬರಿಗೆ ಇನ್ನೊಂದು ಸಲ ಚುಚ್ಚಬೇಕಾಯ್ತು ಮೇಡಂ, ವಯಸ್ಸಾದೋರು, ಚರ್ಮ ದಪ್ಪ ಅಂದೆ."

ಅವನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಬಟ್ಟೆಯಲ್ಲಿ ಮುಖ ಒರೆಸಿಕೊಂಡ; ಅದು ಟ್ಯಾಂಕು ಒರೆಸಿದ ಬಟ್ಟೆ ಎಂಬುದೂ ಮರೆತಿತ್ತು. "ನಿಮ್ಮ ಮಾವನಿಗೆ ಯಾಕೆ ಹೇಳಲಿಲ್ಲ?"

"ಅವರಿಗ್ಯಾಕೆ ಹೇಳ್ಬೇಕು? ಟ್ಯಾಂಕ್ ನೋಡಿ ಮೇಡಂ ಏನಂದ್ರು ಗೊತ್ತಾ? ಯಾವ ಪೇಂಟರ್ ಹತ್ರ ಮಾಡಿಸ್ದೆ, ನನ್ನ ಗಾಡೀನೂ ಕೊಡ್ತೀನಿ ಅಂದ್ರು. ಅವರು ತುಂಬಾ ಬಿಜಿ ಮೇಡಂ, ಹದಿಮೂರು ವರ್ಷದ್ದು ಒಂದು ಗೋಡೆ ಕೆಲಸ ಬಾಕಿ ಇಟ್ಕೊಂಡಿದ್ದಾರೆ ಅಂದೆ."

ಮುಕ್ಕಾಲಪ್ಪ ಎದ್ದ. ಪುಟ್ಟಿ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಪಕ್ಕಕ್ಕಿಟ್ಟ. ಅಂಗಿಯ ಕಾಲರಿಗೆ ಸದಾ ಸಿಕ್ಕಿಸಿಕೊಂಡಿರುವ ಬೈಂಡಿಂಗ್ ಸೂಜಿಯನ್ನು ತೆಗೆದ. ಗಾಡಿಯ ಎದುರು ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ ಬೆರಳಲ್ಲಿ ತೂತು ಹುಡುಕಿದ. ಮಗಳು ಅವಸರದಲ್ಲಿ ಚುಚ್ಚಿದ್ದರಿಂದ ಅಂಚು ಒರಟಾಗಿತ್ತು, ಒಳಗೆ ಪುಟ್ಟಿಯ ಚೂರು ಉಳಿದಿತ್ತು. ಸೂಜಿಯನ್ನು ಮೆಲ್ಲಗೆ ಇಳಿಸಿ, ತಿರುಗಿಸಿ, ಚೂರನ್ನೆಲ್ಲ ಹೊರಗೆಳೆದು, ಊದಿ, ಮತ್ತೆ ಇಳಿಸಿದ.

ಒಳಗಿನಿಂದ ಹೆಂಡತಿ ಕೂಗಿದಳು, "ರೀ, ಮುಗೀತಾ ನಿಮ್ಮ ಒರೆಸೋದು?"

ಅವನು ಬೆರಳನ್ನು ಆ ತೂತಿನ ಮೇಲೆ ಒಂದು ಗಳಿಗೆ ಇಟ್ಟ. ಆಮೇಲೆ ತೆಗೆದ.

"ಮುಗೀತಾ ಬಂತು ಕಣೇ!"

ಒಳಗೆ ಆಕೆ ಹಣೆ ಚಚ್ಚಿಕೊಂಡದ್ದು ಅಂಗಳಕ್ಕೂ ಕೇಳಿಸಿತು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು.